ಬಾಲ್ ಮಿಲ್ಲಿಗೆ ಸಣ್ಣ ಕಲ್ಲು ಹಾಕಿದರೆ ವಿದ್ಯುತ್ ಎಷ್ಟು ಉಳಿಯುತ್ತದೆ?

ಒಳಗಿನ ಗುಂಡುಗಳು ಉರುಳಿ ಕಲ್ಲನ್ನು ಅರೆಯುವ ಬಾಲ್ ಮಿಲ್ಲಿಗೆ ಈಗ ಹಾಕುತ್ತಿರುವ 12 ಮಿಲಿಮೀಟರ್ ಬೆಣಚುಕಲ್ಲಿನ ಬದಲು 6 ಮಿಲಿಮೀಟರ್ ಕಲ್ಲು ಹಾಕಿದರೆ ವಿದ್ಯುತ್ ಖರ್ಚು ಅರ್ಧಕ್ಕೆ ಇಳಿಯುತ್ತದೆಯೇ ಎಂದು ತಾವು ಕೇಳಿದ್ದೀರಿ. ಇಳಿಯುವುದಿಲ್ಲ. ಅದಿರು ಅರೆಯುವ ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೂ ಹಾಗೆಯೇ ನಂಬಿದ್ದೆನಾದ್ದರಿಂದ, ಲೆಕ್ಕವನ್ನು ಬಿಡಿಸಿಯೇ ಹೇಳುತ್ತೇನೆ.

ಬೇಕಾಗುವ ಶಕ್ತಿಯು ಹೊಸದಾಗಿ ಹುಟ್ಟುವ ಮೇಲ್ಮೈಗೆ ತಕ್ಕಂತಿರುತ್ತದೆ ಎಂದು 1867ರಲ್ಲಿ ರಿಟ್ಟಿಂಗರ್ ಹೇಳಿದರು. ಗಾತ್ರ ಎಷ್ಟು ಪಟ್ಟು ಕುಗ್ಗಿತು ಎಂಬುದೇ ಮುಖ್ಯವೆಂದು 1885ರಲ್ಲಿ ಕಿಕ್ ವಾದಿಸಿದರು. ಇವೆರಡರ ನಡುವಿನ ದಾರಿಯನ್ನು 1952ರಲ್ಲಿ ಫ್ರೆಡ್ ಬಾಂಡ್ ತೋರಿಸಿದರು, ಮತ್ತು ಘಟಕಗಳಲ್ಲಿ ಇಂದಿಗೂ ಹೆಚ್ಚಾಗಿ ಬಳಕೆಯಲ್ಲಿರುವುದು ಅವರ ಸೂತ್ರವೇ. ಶೇ. 80ರಷ್ಟು ಮಾಲು ಯಾವ ಜರಡಿಯ ತೂತಿನಿಂದ ಇಳಿಯುತ್ತದೆಯೋ ಅದರ ಅಳತೆಯನ್ನು ಮೈಕ್ರಾನಿನಲ್ಲಿ (ಮಿಲಿಮೀಟರಿನ ಸಾವಿರದ ಒಂದು ಭಾಗ) ಗಾತ್ರವೆಂದು ಹಿಡಿಯಬೇಕು. 1ನ್ನು ಅಂತಿಮ ಗಾತ್ರದ ವರ್ಗಮೂಲದಿಂದ ಭಾಗಿಸಿ, ಅದರಿಂದ, 1ನ್ನು ಆರಂಭದ ಗಾತ್ರದ ವರ್ಗಮೂಲದಿಂದ ಭಾಗಿಸಿ ಬಂದದ್ದನ್ನು ಕಳೆದು, ಉಳಿದದ್ದನ್ನು ಕಲ್ಲಿನ ವರ್ಕ್ ಇಂಡೆಕ್ಸಿನ, ಅಂದರೆ ಅದು ಅರೆಯಲು ಎಷ್ಟು ಗಟ್ಟಿ ಎಂದು ತೋರಿಸುವ ಅಂಕಿಯ, 10 ಪಟ್ಟಿನಿಂದ ಗುಣಿಸಿದರೆ ಟನ್ನಿಗೆ ಎಷ್ಟು ಯೂನಿಟ್ ಬೇಕೆಂಬುದು ಸಿಗುತ್ತದೆ.

ತಮ್ಮ ಕಲ್ಲಿನ ವರ್ಕ್ ಇಂಡೆಕ್ಸ್ 14 ಎಂದಿಟ್ಟುಕೊಳ್ಳೋಣ. 12 ಮಿಲಿಮೀಟರಿನಿಂದ 75 ಮೈಕ್ರಾನಿಗೆ ಇಳಿಸಲು ಟನ್ನಿಗೆ 14.9 ಯೂನಿಟ್ ಬೇಕು; 6 ಮಿಲಿಮೀಟರಿನಿಂದ ಆರಂಭಿಸಿದರೆ 14.4. ಉಳಿಯುವುದು ಅರ್ಧ ಯೂನಿಟ್ ಮಾತ್ರ, ಅದನ್ನೂ 12ರಿಂದ 6ಕ್ಕೆ ಒಡೆಯುವ ಕ್ರಷರ್ ತೆಗೆದುಕೊಳ್ಳುತ್ತದೆ. 400 ಮಿಲಿಮೀಟರಿನ ಬಂಡೆಯನ್ನು 12 ಮಿಲಿಮೀಟರಿಗೆ ತರಲು ಇದೇ ಸೂತ್ರದ ಪ್ರಕಾರ ಒಂದು ಯೂನಿಟ್‌ಗಿಂತ ತುಸು ಹೆಚ್ಚು ಸಾಕು. ಅಕ್ಕಿಯನ್ನು ನುಚ್ಚು ಮಾಡಲು ಬೀಸುವ ಕಲ್ಲನ್ನು ನಾಲ್ಕು ಸುತ್ತು ತಿರುಗಿಸಿದರಾಯಿತು, ನುಣ್ಣನೆಯ ಹಿಟ್ಟು ಮಾಡಲು ಹೊತ್ತೇ ಹಿಡಿಯುತ್ತದೆ. ಕಲ್ಲಿನದೂ ಅದೇ ಪಾಡು. ಕಣ ಸಣ್ಣದಾದಷ್ಟೂ ಅದರೊಳಗೆ ಬಿರುಕುಗಳು ಕಡಿಮೆಯಾಗಿ, ಒಡೆಯುವುದು ಇನ್ನಷ್ಟು ಕಷ್ಟವಾಗುತ್ತದೆ.

ಹಾಗಾದರೆ ಸಣ್ಣ ಫೀಡಿನಿಂದ, ಅಂದರೆ ಮಿಲ್ಲಿಗೆ ಸಣ್ಣ ಕಲ್ಲು ಹಾಕುವುದರಿಂದ, ಲಾಭವೇ ಇಲ್ಲವೇ ಎಂದರೆ, ಇದೆ, ಆದರೆ ಅದು ಬೇರೆ ಕಡೆಯಿಂದ ಬರುತ್ತದೆ. ದಪ್ಪ ಕಲ್ಲು ಒಡೆಯಲು ದಪ್ಪ ಗುಂಡುಗಳು ಬೇಕು, ನುಣ್ಣಗೆ ಅರೆಯಲು ಸಣ್ಣ ಗುಂಡುಗಳು. ಎರಡೂ ಕೆಲಸವನ್ನು ಒಂದೇ ಮಿಲ್ಲಿಗೆ ಒಪ್ಪಿಸಿದಾಗ ಎರಡೂ ಕೆಡುತ್ತವೆ. ಇಂತಹ ಕಲ್ಲಿಗೆ ಸುಮಾರು 4 ಮಿಲಿಮೀಟರ್ ಮೀರಿದ ಫೀಡನ್ನು ದಪ್ಪವೆಂದೇ ಎಣಿಸಿ, ಲೆಕ್ಕಕ್ಕೆ ತಿದ್ದುಪಡಿ ಸೇರಿಸುತ್ತಾರೆ. ಅದರಂತೆ 12 ಮಿಲಿಮೀಟರಿಗೆ ಸುಮಾರು ಶೇ. 7, 6 ಮಿಲಿಮೀಟರಿಗೆ ಸುಮಾರು ಶೇ. 3.5 ಹೆಚ್ಚುವರಿ ಶಕ್ತಿ ಬೇಕು. ಇದನ್ನೂ ಸೇರಿಸಿದರೆ ಮಿಲ್ಲಿನಲ್ಲಿ ಟನ್ನಿಗೆ ಒಂದು ಯೂನಿಟ್‌ನಷ್ಟು ಉಳಿದು, ಕ್ರಷರಿನ ಖರ್ಚು ಕಳೆದ ಮೇಲೆ ಅರ್ಧ ಯೂನಿಟ್ ಕೈಗೆ ಹತ್ತುತ್ತದೆ. ನಾನು ಕೆಲಸ ಮಾಡಿದ ಒಂದು ಘಟಕದಲ್ಲಿ ಕೋನ್ ಕ್ರಷರಿನ ಲೈನರ್ (ಕಲ್ಲನ್ನು ಒತ್ತಿ ಒಡೆಯುವ ಒಳಪದರ) ಸವೆದದ್ದನ್ನು ಯಾರೂ ಗಮನಿಸದೆ, ದಿನದಿಂದ ದಿನಕ್ಕೆ ದಪ್ಪ ಕಲ್ಲು ಮಿಲ್ಲಿಗೆ ಹೋಗಿ, ಅರೆಯದ ಬೆಣಚು ಬಾಯಿಂದ ಹೊರಗುರುಳುತ್ತಿದ್ದುದು ನನಗಿನ್ನೂ ನೆನಪಿದೆ. ನಾವು ದೋಷ ಹುಡುಕಿದ್ದು ಮಾತ್ರ ಮಿಲ್ಲಿನಲ್ಲಿ.

ಅಂತಿಮ ಗಾತ್ರದ ಪ್ರಭಾವ ಇದಕ್ಕಿಂತ ಬಹಳ ದೊಡ್ಡದು. 75 ಮೈಕ್ರಾನಿನ ಬದಲು 100 ಮೈಕ್ರಾನಿಗೆ ನಿಲ್ಲಿಸಿದರೆ 14.9 ಯೂನಿಟ್ 12.7ಕ್ಕೆ ಇಳಿಯುತ್ತದೆ. ಬೆಣಚಿನೊಳಗೆ ಸಿಕ್ಕಿಕೊಂಡ ಚಿನ್ನವನ್ನು ಬಿಡಿಸಬೇಕಾದವರಿಗೆ ಈ ಸ್ವಾತಂತ್ರ್ಯವಿರುವುದಿಲ್ಲ, ಏಕೆಂದರೆ ಅವರಿಗೆ ಖನಿಜ ಬಿಡುಗಡೆಯಾಗುವ ಗಾತ್ರವೇ ಅಂತಿಮ. ತಾವು ಬರೀ ಪುಡಿಯನ್ನು ಮಾರುವವರಾದರೆ, ಕೊಳ್ಳುವವರು ಕೇಳಿದ ನುಣುಪಿಗಿಂತ ಹೆಚ್ಚು ಅರೆಯುತ್ತಿದ್ದೀರಾ ಎಂದು ಮೊದಲು ಜರಡಿ ಹಿಡಿದು ನೋಡಿ, ಆಮೇಲೆ ಫೀಡಿನಲ್ಲಿ ಈಗಾಗಲೇ ಇರುವ ಸಣ್ಣ ಪುಡಿಯನ್ನು ಮಿಲ್ಲಿಗೆ ಮುಂಚೆಯೇ ಬೇರ್ಪಡಿಸಿ. ಹೊಸ ಕ್ರಷರಿನ ವಿಚಾರ ಈ ಎರಡೂ ಆದ ಮೇಲೆ ಬರಲಿ.