ಗುಡ್ಡದ ಬಡಾವಣೆಯಲ್ಲಿ ಮನೆ ಪಕ್ಕ ಬರುವ ಸಾರ್ವಜನಿಕ ಮೆಟ್ಟಿಲನ್ನು ತಡೆಯಬಹುದೇ?

ನೀವು ಕೇಳಿರುವುದು ಎರಡು ಸಂಗತಿ. ಆರೆಗಾನ್‌ನ ಪೋರ್ಟ್‌ಲ್ಯಾಂಡಿನ ಪಶ್ಚಿಮಕ್ಕೆ ಗುಡ್ಡದ ಮೇಲಿನ ಹೊಸ ಬಡಾವಣೆಯಲ್ಲಿ ಮನೆಗೆ ಮುಂಗಡ ಕೊಟ್ಟಿದ್ದೀರಿ; ಪಕ್ಕದಲ್ಲೇ ಮೇಲಿನ ಬೀದಿಗೆ ಹತ್ತುವ ಮೆಟ್ಟಿಲು ಬರಲಿದೆ, ಅದನ್ನು ಕೈಬಿಡಿಸಬಹುದೇ ಎಂಬುದು ಒಂದು. ಮನೆ ಮುಂದಿನ ರಸ್ತೆ ಒಂದು ಅಡ್ಡಪಟ್ಟಿಯ ಬಳಿ ನಿಂತಿದೆ, ಅದು ಹಾಗೆಯೇ ಉಳಿಯುತ್ತದೆ ಎಂಬ ಏಜೆಂಟರ ಮಾತು ನಿಜವೇ ಎಂಬುದು ಇನ್ನೊಂದು. ಈ ಭಾಗದ ಬಡಾವಣೆಗಳಿಗೆ ರಸ್ತೆ ವಿನ್ಯಾಸ ಮಾಡುವುದೇ ನನ್ನ ಕೆಲಸ. ಮೆಟ್ಟಿಲನ್ನು ಕೈಬಿಡಿಸಲು ಆಗುವುದಿಲ್ಲ. ಏಜೆಂಟರ ಮಾತನ್ನು ನಂಬಿ ಸಹಿ ಹಾಕಬೇಡಿ.

ಪೋರ್ಟ್‌ಲ್ಯಾಂಡ್ ಸುತ್ತಲಿನ ನಗರಗಳಿಗೆಲ್ಲ ಅನ್ವಯಿಸುವ ನಿಯಮವನ್ನು ಮೆಟ್ರೊ ಎಂಬ ಪ್ರಾದೇಶಿಕ ಸರ್ಕಾರ ಮಾಡಿದೆ. ದೊಡ್ಡ ಬಡಾವಣೆಯಲ್ಲಿ ವಾಹನ ಓಡುವ ಪೂರ್ಣ ರಸ್ತೆಗಳ ಕೂಡುವಿಕೆ 530 ಅಡಿಗಿಂತ, ಅಂದರೆ ಸುಮಾರು 160 ಮೀಟರಿಗಿಂತ, ದೂರದೂರ ಇರಬಾರದು. ಕಡಿದಾದ ನೆಲ, ರೈಲು ಹಳಿ, ಹೆದ್ದಾರಿ, ಮೊದಲೇ ಎದ್ದ ಕಟ್ಟಡಗಳು ಅಡ್ಡ ಬಂದರೆ ವಿನಾಯಿತಿ ಉಂಟು. ಬಿಲ್ಡರ್‌ಗಳು ಇಲ್ಲಿಗೇ ಓದು ನಿಲ್ಲಿಸುತ್ತಾರೆ. ಆದರೆ ರಸ್ತೆ ಬರಲಾಗದ ಕಡೆ ನಡೆಯುವವರಿಗೆ ಮತ್ತು ಸೈಕಲ್ಲಿನವರಿಗೆ 330 ಅಡಿಗೊಂದರಂತೆ ದಾರಿ ಬಿಡಬೇಕು ಎಂದೂ ಅದೇ ನಿಯಮ ಹೇಳುತ್ತದೆ. ಗುಡ್ಡ ಕಾರನ್ನು ತಡೆಯಬಹುದು, ಕಾಲನ್ನಲ್ಲ. ನಿಮ್ಮ ಮೆಟ್ಟಿಲು ಹುಟ್ಟಿದ್ದು ಅಲ್ಲಿಂದ.

ಮೆಟ್ಟಿಲಿನ ಬದಲು ರಸ್ತೆಯನ್ನೇ ಏಕೆ ಕೊಡಲಿಲ್ಲ ಎಂದು ನಿಮಗನಿಸಬಹುದು. ಲೆಕ್ಕ ಹಾಕಿ ನೋಡಿ. ಇಳಿಜಾರು ಶೇ. 25 ಇರುವ ಕಡೆ ಎರಡು ಸಮಾನಾಂತರ ಬೀದಿಗಳ ನಡುವೆ 60 ಮೀಟರ್ ಅಂತರವಿದ್ದರೆ, ಎತ್ತರದಲ್ಲಿ 15 ಮೀಟರ್ ವ್ಯತ್ಯಾಸ. ಅಮೆರಿಕದ ಬಹುತೇಕ ಊರುಗಳು ಅನುಸರಿಸುವ ಅಗ್ನಿ ಸುರಕ್ಷತಾ ಸಂಹಿತೆಯ ಅನುಬಂಧದ ಪ್ರಕಾರ ಅಗ್ನಿಶಾಮಕ ವಾಹನದ ದಾರಿಯ ಏರು ಸಾಮಾನ್ಯವಾಗಿ ಶೇ. 10ನ್ನು ಮೀರುವಂತಿಲ್ಲ. ಆ 15 ಮೀಟರ್ ಹತ್ತಲು 150 ಮೀಟರ್ ಉದ್ದದ ಓರೆ ರಸ್ತೆ ಬೇಕು. ಅದು ಏಳೆಂಟು ನಿವೇಶನಗಳನ್ನು ಅಡ್ಡಡ್ಡ ಸೀಳುತ್ತದೆ, ಎರಡೂ ಬದಿಗೆ ತಡೆಗೋಡೆ ಕೇಳುತ್ತದೆ. ಅದೇ ಎತ್ತರಕ್ಕೆ ಮೆಟ್ಟಿಲಾದರೆ ನೂರು ಸಾಕು. ಗಾಲಿಕುರ್ಚಿಯವರಿಗೆ ಇದರಿಂದ ಉಪಯೋಗವಿಲ್ಲ ಎಂಬುದು ಈ ನಿಯಮದ ನಿಜವಾದ ಕೊರತೆ. ಅದನ್ನು ಯಾರೂ ಗಟ್ಟಿಯಾಗಿ ಹೇಳುವುದಿಲ್ಲ.

ಒಳಹೊರಗೆ ಹೋಗಲು ಒಂದೇ ದಾರಿ ಇರುವ ಗುಡ್ಡಗಳ ಬಗ್ಗೆ ಇಷ್ಟು ಕಟ್ಟುನಿಟ್ಟೇಕೆ ಎನ್ನುವವರು 1991ರ ಓಕ್ಲೆಂಡ್ ಗುಡ್ಡದ ಬೆಂಕಿಯನ್ನು ನೆನೆಯಬೇಕು. ಕ್ಯಾಲಿಫೋರ್ನಿಯಾದ ಆ ಅನಾಹುತದಲ್ಲಿ 25 ಜನ ಸತ್ತರು; ಇಕ್ಕಟ್ಟಾದ ತಿರುವುಮುರುವು ರಸ್ತೆಗಳಲ್ಲಿ ಕಾರುಗಳು ಸಿಕ್ಕಿಕೊಂಡವು. ಹಾಗೆಂದು ಗುಡ್ಡವನ್ನೇ ಲೆಕ್ಕಿಸದೆ ಚೌಕುಳಿ ಬೀದಿ ಎಳೆದರೆ ನ್ಯೂಜಿಲೆಂಡಿನ ಡನೀಡನ್ ಊರಿನ ಬಾಲ್ಡ್ವಿನ್ ಬೀದಿಯಂಥದ್ದು ಹುಟ್ಟುತ್ತದೆ. ಅಲ್ಲಿನ ಏರು ಸುಮಾರು ಶೇ. 35, ಪ್ರವಾಸಿಗರಿಗೆ ಫೋಟೊ ತೆಗೆಯಲು ಚೆಂದ.

ಮೆಟ್ಟಿಲಿಗಾಗಿ ಖಾಸಗಿ ಜಾಗ ಕಿತ್ತುಕೊಳ್ಳುವುದು ಅನ್ಯಾಯವೆಂದು ಬರೆದಿದ್ದೀರಿ. ಈ ವಾದ ಹೊಸದಲ್ಲ. ನಿಮ್ಮ ನೆರೆಯ ಟೈಗಾರ್ಡ್ ನಗರದಲ್ಲೇ ಡೋಲನ್ ಎಂಬ ಅಂಗಡಿ ಮಾಲೀಕರಿಗೆ, ಅಂಗಡಿ ವಿಸ್ತರಿಸಬೇಕಾದರೆ ಹಳ್ಳದ ಪಕ್ಕದ ಜಾಗವನ್ನೂ ನಡಿಗೆ ಮತ್ತು ಸೈಕಲ್ ದಾರಿಗೆ 15 ಅಡಿ ಪಟ್ಟಿಯನ್ನೂ ಬಿಟ್ಟುಕೊಡಬೇಕೆಂದು ಷರತ್ತು ಹಾಕಲಾಗಿತ್ತು. 1994ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ ನಗರದ ವಿರುದ್ಧ ತೀರ್ಪಿತ್ತಿತು: ಕೇಳುವ ಜಾಗಕ್ಕೂ ಯೋಜನೆಯಿಂದಾಗುವ ಪರಿಣಾಮಕ್ಕೂ ಸ್ಥೂಲವಾದ ಅನುಪಾತವಿದೆ ಎಂದು ನಗರವೇ ತೋರಿಸಬೇಕು. ಅಂದಿನಿಂದ ಅನುಮೋದನಾ ಪತ್ರಗಳಲ್ಲಿ ಆ ಲೆಕ್ಕ ಪುಟಗಟ್ಟಲೆ ಬರುತ್ತದೆ. ಆದರೆ ಆ ವಾದ ಎತ್ತಬೇಕಾದವರು ಬಿಲ್ಡರ್. ಅವರು ಒಪ್ಪಿ ನಕ್ಷೆ ಮಾಡಿಸಿಕೊಂಡಾಗಿದೆ. ಆರೆಗಾನ್‌ನಲ್ಲಿ ಇಂಥ ತೀರ್ಮಾನದ ವಿರುದ್ಧ ರಾಜ್ಯದ ಭೂಬಳಕೆ ಮೇಲ್ಮನವಿ ಮಂಡಳಿಗೆ ಹೋಗಲು ಇರುವುದು 21 ದಿನ, ಅದೂ ಮೊದಲೇ ಆಕ್ಷೇಪ ದಾಖಲಿಸಿದ್ದರೆ. ನಿಮ್ಮ ವಿಷಯದಲ್ಲಿ ಆ ಗಡುವು ದಾಟಿರುವ ಹಾಗಿದೆ.

ಇನ್ನು ಅಡ್ಡಪಟ್ಟಿಯ ರಸ್ತೆ. ಡಾಂಬರು ಗಡಿಯವರೆಗೂ ಹೋಗಿ, ವಾಹನ ತಿರುಗಿಸುವ ದುಂಡನೆಯ ಜಾಗವಿಲ್ಲದೆ ತಟ್ಟನೆ ನಿಂತಿದ್ದರೆ, ಅದು ಪಕ್ಕದ ಜಮೀನು ಬಡಾವಣೆಯಾದಾಗ ಮುಂದುವರಿಯಲೆಂದೇ ಬಿಟ್ಟ ತುದಿ. ನಮ್ಮೂರ ಕಡೆ ಒಂದು ಬಡಾವಣೆಯ ರಸ್ತೆ ಇನ್ನೊಂದರ ಕಾಂಪೌಂಡಿಗೆ ಹೋಗಿ ಡಿಕ್ಕಿ ಹೊಡೆಯುವುದನ್ನು ನೋಡಿ ಬೆಳೆದವರಿಗೆ ಇದು ಹೊಳೆಯುವುದಿಲ್ಲ. ಕೌಂಟಿ ಸರ್ವೇಯರ್ ಕಚೇರಿಯಲ್ಲಿ ದಾಖಲಾದ ಬಡಾವಣೆ ನಕ್ಷೆ ತೆಗೆಸಿ, ರಸ್ತೆಯ ತುದಿಯಲ್ಲಿ ಒಂದು ಅಡಿ ಅಗಲದ ಮೀಸಲು ಪಟ್ಟಿ, ಅಂದರೆ ರಸ್ತೆ ಮುಂದುವರಿಯುವವರೆಗೆ ಕಾದಿರಿಸಿದ ಸಣ್ಣ ತುಂಡು ನೆಲ, ಇದೆಯೇ ನೋಡಿ. ಅದು ನಗರದ ಹೆಸರಿನಲ್ಲಿದ್ದರೆ ವಿಸ್ತರಣೆ ಖಚಿತವಾದಂತೆಯೇ. ಎಂದು ಎಂಬುದು ಮಾತ್ರ ಪಕ್ಕದ ಜಮೀನಿನವರ ಕೈಯಲ್ಲಿದೆ.

ಸಹಿ ಹಾಕುವ ಮುನ್ನ ಬಿಲ್ಡರ್ ಬಳಿ ನೀವು ನಿಜಕ್ಕೂ ಗುದ್ದಾಡಬೇಕಾದದ್ದು ಮಳೆನೀರಿನ ಬಗ್ಗೆ. ನೂರು ಮೆಟ್ಟಿಲು ಇಳಿದು ಬರುವ ನೀರು ಎಲ್ಲಿಗೆ ಹೋಗುತ್ತದೆ, ಪಕ್ಕದ ಚರಂಡಿಯನ್ನು ಯಾರು ಶುಚಿ ಮಾಡುತ್ತಾರೆ, ನಗರವೋ ಮನೆಮಾಲೀಕರ ಸಂಘವೋ ಎಂದು ಬರವಣಿಗೆಯಲ್ಲಿ ಕೇಳಿ. ಬೇಲಿಯ ಎತ್ತರ, ದೀಪ ನಿಮ್ಮ ಮಲಗುವ ಕೋಣೆಗೆ ಬೀಳದಂತೆ ಮರೆ, ಇವೆಲ್ಲ ಆಗಲೇ ಕೇಳಿದರೆ ಸಿಗುತ್ತವೆ.