ಮಗಳು ಟ್ಯಾಕಲ್ ಫುಟ್‌ಬಾಲ್ ಟ್ರೈಔಟ್‌ಗೆ ಹೋಗ್ತಾಳೆ ಅಂದ ಸುಮಾ ಅಕ್ಕನಿಗೆ

ಸುಮಾ ಅಕ್ಕಾ, ಡಲ್ಲಾಸ್‌ನಲ್ಲಿ ಕೆಲಸದಲ್ಲಿರೋ ಮಗಳು ಹೆಂಗಸರ ಟ್ಯಾಕಲ್ ಫುಟ್‌ಬಾಲ್ (ಚೆಂಡು ಹಿಡಿದು ಓಡೋರನ್ನ ಡಿಕ್ಕಿ ಹೊಡೆದು ಕೆಡವೋ ಅಮೆರಿಕನ್ ಫುಟ್‌ಬಾಲ್) ತಂಡ ಸೇರ್ತೀನಿ, ಟ್ರೈಔಟ್‌ಗೆ ಅಂದ್ರೆ ಆಯ್ಕೆ ಪರೀಕ್ಷೆಗೆ ಹೋಗ್ತೀನಿ ಅಂತ ಹಟ ಹಿಡಿದಿದ್ದಾಳೆ, ಇದು ಆ ಅರೆಬಟ್ಟೆ ಆಟ ತಾನೇ, ಸಂಬಳ ಕೊಡ್ತಾರಾ, ಮೈಕೈ ಮುರಿದರೆ ಗತಿಯೇನು ಅಂತ ಕೇಳಿದ್ದೀರಿ. ಇಲ್ಲೊಂದು ತಂಡಕ್ಕೆ ಶನಿವಾರಗಳಲ್ಲಿ ನೀರು, ಟೇಪು, ಗಜ ಅಳೆಯೋ ಚೈನ್ ಹಿಡಿಯೋ ಕೆಲಸ ಮಾಡಿಕೊಡ್ತೀನಿ. ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೀತೀನಿ.

ನೀವು ವಿಡಿಯೊದಲ್ಲಿ ನೋಡಿದ್ದು 2009ರಲ್ಲಿ ಶುರುವಾದ ಲಾಂಜರಿ ಫುಟ್‌ಬಾಲ್ ಲೀಗ್ ಇರಬೇಕು. ಒಳಾಂಗಣದಲ್ಲಿ ಏಳೇಳು ಜನ ಆಡ್ತಿದ್ದರು, ಮೈ ತೋರಿಸಿ ಟಿಕೆಟ್ ಮಾರೋ ವ್ಯವಹಾರ. ಆಮೇಲೆ 'ಲೆಜೆಂಡ್ಸ್' ಅಂತ ಹೆಸರು ಬದಲಾಯಿಸಿಕೊಂಡರು. ನಿಮ್ಮ ಮಗಳು ಹೇಳ್ತಿರೋದು ಅದಲ್ಲ. ಗಂಡಸರು ಆಡೋ ಅದೇ 100 ಗಜದ ಮೈದಾನ, ಅದೇ ಹನ್ನೊಂದು ಜನ, ಹೆಲ್ಮೆಟ್ಟು, ಶೋಲ್ಡರ್ ಪ್ಯಾಡು. ನಿನ್ನೆ ಮೊನ್ನೆ ಹುಟ್ಟಿದ್ದೂ ಅಲ್ಲ. 1974ರಲ್ಲೇ ನ್ಯಾಷನಲ್ ವಿಮೆನ್ಸ್ ಫುಟ್‌ಬಾಲ್ ಲೀಗ್ ಇತ್ತು, ಒಹಾಯೊದ ಟೊಲೀಡೊ ಟ್ರೂಪರ್ಸ್ ಅದರಲ್ಲಿ ಮೆರೆದ ತಂಡ. ಆ ಲೀಗ್ 80ರ ದಶಕ ದಾಟಲಿಲ್ಲ. 1999ರಲ್ಲಿ ಹುಟ್ಟಿದ ಮಿನೆಸೋಟ ವಿಕ್ಸನ್ ಮಾತ್ರ ಲೀಗ್ ಮುಚ್ಚಿದಾಗಲೆಲ್ಲ ಇನ್ನೊಂದಕ್ಕೆ ಸೇರಿಕೊಂಡು ಇವತ್ತಿಗೂ ಆಡ್ತಿದೆ.

ಈಗ ದೊಡ್ಡವು ಎರಡು. ವಿಮೆನ್ಸ್ ಫುಟ್‌ಬಾಲ್ ಅಲಯನ್ಸ್ 2009ರದ್ದು. ಹತ್ತಾರು ತಂಡಗಳು, ಮೂರು ದರ್ಜೆ. ಇನ್ನೊಂದು ವಿಮೆನ್ಸ್ ನ್ಯಾಷನಲ್ ಫುಟ್‌ಬಾಲ್ ಕಾನ್ಫರೆನ್ಸ್. ಹಿಂದೆ ಆಟಗಾರ್ತಿಯಾಗಿದ್ದ ಒಡೆಸ್ಸಾ ಜೆಂಕಿನ್ಸ್ ಕಟ್ಟಿದ್ದು, ಮೊದಲ ಸೀಸನ್ 2019ರಲ್ಲಿ. ಡಲ್ಲಾಸ್ ಕಡೆಯ ಟೆಕ್ಸಸ್ ಎಲೀಟ್ ಸ್ಪಾರ್ಟನ್ಸ್ ಇದರಲ್ಲಿದೆ. ಕಪ್ ಮೇಲೆ ಕಪ್ ಗೆದ್ದ ತಂಡ ಅದು, ಹೊಸಬಳಿಗೆ ಜಾಗ ಸುಲಭವಿಲ್ಲ. ಕೆಳದರ್ಜೆ ತಂಡದಲ್ಲಿ ಒಂದು ವರ್ಷ ಪೂರ್ತಿ ಆಡೋದು ದೊಡ್ಡ ತಂಡದ ಬೆಂಚು ಕಾಯೋದಕ್ಕಿಂತ ವಾಸಿ ಅನ್ನೋದು ನನ್ನ ಮಾತು.

ಸಂಬಳದ ಆಸೆ ಬಿಟ್ಟುಬಿಡಿ. ಹೆಚ್ಚಿನ ತಂಡಗಳಲ್ಲಿ ಆಡೋರೇ ಶುಲ್ಕ ಕಟ್ಟಬೇಕು, ಕಿಟ್ಟು ಕೊಳ್ಳಬೇಕು, ಓಡಾಟದ ಖರ್ಚು ಹಂಚಿಕೊಳ್ಳಬೇಕು. 2021ರಲ್ಲಿ ಹೆಂಗಸರ ತಂಡ ಬಾಸ್ಟನ್ ರೆನೆಗೇಡ್ಸ್ ಫೈನಲ್‌ಗೆ ಹೋಗೋಕೆ ಗಂಡಸರ ದೊಡ್ಡ ತಂಡ ಪೇಟ್ರಿಯಟ್ಸ್‌ನ ಮಾಲೀಕರು ತಮ್ಮ ತಂಡದ ವಿಮಾನ ಕೊಟ್ಟಿದ್ದು ಪತ್ರಿಕೆಗಳಲ್ಲಿ ಸುದ್ದಿಯಾಯ್ತು. ಅದು ಸುದ್ದಿ ಆಗುತ್ತೆ ಅಂದ್ರೆ ಉಳಿದವರು ಹೇಗೆ ಹೋಗ್ತಾರೆ ಅಂತ ನೀವೇ ಲೆಕ್ಕ ಹಾಕಿ: ವ್ಯಾನು, ರಾತ್ರಿಯಿಡೀ ಡ್ರೈವಿಂಗು, ಸೋಮವಾರ ಬೆಳಿಗ್ಗೆ ಆಫೀಸು.

ಇನ್ನು ಪೆಟ್ಟಿನ ವಿಷಯ. ತಂಡದವರನ್ನ ಮೊದಲು ಕೇಳಬೇಕಾದ್ದು ಕೋಚ್ ಯಾರು ಅಂತಲ್ಲ, ಹೋದ ಸೀಸನ್‌ನಲ್ಲಿ ದೂರದ ಪಂದ್ಯಕ್ಕೆ ಎಷ್ಟು ಜನ ಬಂದಿದ್ದರು ಅಂತ. ಪಟ್ಟಿಯಲ್ಲಿ ನಲವತ್ತು ಹೆಸರಿರುತ್ತೆ, ಬಸ್ಸಿನಲ್ಲಿ ಇಪ್ಪತ್ತೇ ತಲೆ. ಆಗ ಬೇರೆ ಬೇರೆ ಗುಂಪು ಆಡಬೇಕಾದ್ದನ್ನ ಅದೇ ಹುಡುಗೀರೇ ಆಡ್ತಾರೆ, ಅಫೆನ್ಸೂ (ದಾಳಿ) ಅವರೇ, ಡಿಫೆನ್ಸೂ (ತಡೆ) ಅವರೇ. ಕೊನೇ ಕ್ವಾರ್ಟರ್ ಹೊತ್ತಿಗೆ ಕಾಲು ಸೋತು ತಲೆ ತಗ್ಗಿಸಿ ಡಿಕ್ಕಿ ಹೊಡೀತಾರೆ. ನಾನು ಕಂಡ ಕೆಟ್ಟ ಪೆಟ್ಟುಗಳು ಬಹುಪಾಲು ಆ ಹೊತ್ತಿನವೇ. ಮೂವತ್ತಕ್ಕಿಂತ ಕಡಿಮೆ ಅಂದ್ರೆ ಬೇರೆ ತಂಡ ನೋಡಲಿ.

ತಂಡದ ಇನ್ಶೂರೆನ್ಸ್ ಹೆಚ್ಚಾಗಿ ಅವಳ ಆಫೀಸಿನ ಇನ್ಶೂರೆನ್ಸ್ ಕೊಟ್ಟು ಮಿಕ್ಕಿದ್ದಕ್ಕೆ ಮಾತ್ರ ಬರೋದು. ಆಫೀಸಿನ ಪಾಲಿಸಿ ಮೊದಲು ಓದಿಕೊಳ್ಳಲಿ. ಪೆಟ್ಟು ನೋಡಿಕೊಳ್ಳೋ ಟ್ರೈನರ್ ಪಂದ್ಯಕ್ಕಷ್ಟೇ ಬರ್ತಾರಾ, ಪ್ರಾಕ್ಟೀಸಿಗೂ ಇರ್ತಾರಾ? ತಲೆಗೆ ಪೆಟ್ಟಾದರೆ ಹೊರಗೆ ಕೂರಿಸೋ ಮಾತು ಅವರದ್ದಾ, ಕೋಚ್‌ದಾ? ಕೋಚ್‌ದು ಅಂದ್ರೆ ಅಲ್ಲಿಂದ ಎದ್ದು ಬರಲಿ. ಹೆಂಗಸರಲ್ಲಿ ಮೊಣಕಾಲಿನ ಲಿಗಮೆಂಟ್ ಹರಿಯೋದು ಗಂಡಸರಿಗಿಂತ ಜಾಸ್ತಿ. ಸೀಸನ್ ಏಪ್ರಿಲ್ ಹೊತ್ತಿಗೆ ಶುರುವಾಗೋದು, ಚಳಿಗಾಲವಿಡೀ ತೊಡೆ, ಸೊಂಟ, ಕುತ್ತಿಗೆಗೆ ವ್ಯಾಯಾಮ ಆಗಿರಬೇಕು.

ಕಾಲೇಜಲ್ಲಿ ಕಬಡ್ಡಿ ಆಡಿದ್ದಳು ಅಂದ್ರಲ್ಲ, ಅದು ಇಲ್ಲಿ ಒಳ್ಳೆ ಬಂಡವಾಳ. ಒಂದು ಅಭ್ಯಾಸ ಮಾತ್ರ ಬಿಡಬೇಕು. ಕಬಡ್ಡಿಯಲ್ಲಿ ತಲೆ ತಗ್ಗಿಸಿ ಪಾದಕ್ಕೆ ಹಾರ್ತೀವಿ. ಇಲ್ಲಿ ಹಾಗೆ ಹಾರಿದರೆ ಓಡಿ ಬರೋಳ ಮೊಣಕಾಲು ನೇರ ತಲೆಗೇ. ಕಣ್ಣು ಮೇಲೆ, ತಲೆ ಪಕ್ಕಕ್ಕೆ, ಭುಜ ಮುಂದೆ. ದಪ್ಪಗಿದ್ದೀನಿ ಅಂತ ಸಂಕೋಚ ಪಡ್ತಿದ್ದರೆ ಅದೂ ಬೇಡ. ಪಿ.ಟಿ. ಮೇಷ್ಟ್ರು ಮೂಲೇಲಿ ಕೂರಿಸ್ತಿದ್ದ ಹುಡುಗಿಯನ್ನೇ ಇಲ್ಲಿ ಲೈನ್‌ಗೆ, ಅಂದ್ರೆ ಎದುರಾಳಿಗಳನ್ನ ತಡೆದು ನಿಲ್ಲೋ ಮುಂದಿನ ಸಾಲಿಗೆ, ಹುಡುಕ್ತಿರ್ತಾರೆ.

ಟ್ಯಾಕಲ್ ಬೇಡವೇ ಬೇಡ ಅನ್ನಿಸಿದರೆ ಫ್ಲ್ಯಾಗ್ ಫುಟ್‌ಬಾಲ್ ಇದೆ, ಸೊಂಟದ ಪಟ್ಟಿ ಕಿತ್ತರೆ ಸಾಕು. 2023ರ ಅಕ್ಟೋಬರ್‌ನಲ್ಲಿ ಒಲಿಂಪಿಕ್ ಸಮಿತಿಯವರು ಮುಂಬೈ ಸಭೆಯಲ್ಲೇ ಅದನ್ನ 2028ರ ಲಾಸ್ ಏಂಜಲಿಸ್ ಒಲಿಂಪಿಕ್ಸ್‌ಗೆ ಸೇರಿಸಿದರು, ನಮ್ಮ ಕ್ರಿಕೆಟ್ ಜೊತೆಗೇ. ದುಡ್ಡು, ಪ್ರಾಯೋಜಕರು ಅತ್ತ ವಾಲ್ತಿದ್ದಾರೆ ಅನ್ನೋ ಬೇಜಾರು ಟ್ಯಾಕಲ್ ಆಡೋರಲ್ಲಿದೆ, ಅದು ಬೇರೆ ಮಾತು. ಆಡಿದ ಮೇಲೆ ಕೋಚಿಂಗ್ ದಾರಿಯೂ ಇದೆ. 2015ರಲ್ಲಿ ಗಂಡಸರ ತಂಡ ಅರಿಜೋನಾ ಕಾರ್ಡಿನಲ್ಸ್‌ಗೆ ತರಬೇತಿ ಕೊಟ್ಟ ಜೆನ್ ವೆಲ್ಟರ್, 2020ರ ಸೂಪರ್ ಬೌಲ್‌ನಲ್ಲಿ (ಗಂಡಸರ ಲೀಗ್‌ನ ಫೈನಲ್) ಕೋಚ್ ಆಗಿದ್ದ ಕೇಟೀ ಸೋವರ್ಸ್ ಇಬ್ಬರೂ ಇಂಥ ತಂಡಗಳಲ್ಲೇ ಆಡಿದವರು.

ಟ್ರೈಔಟ್‌ಗೆ ಸ್ಟಡ್ ಇರೋ ಶೂ, ನೀರಿನ ಬಾಟ್ಲಿ ಸಾಕು. ಹೆಲ್ಮೆಟ್ ಆಯ್ಕೆ ಆದಮೇಲೆ ಕೊಳ್ಳಲಿ. ಸೆಕೆಂಡ್ ಹ್ಯಾಂಡ್ ಆದ್ರೆ ಒಳಗಿನ ಚೀಟಿಯಲ್ಲಿ ತಯಾರಾದ ವರ್ಷ ನೋಡಲಿ, ಹತ್ತು ವರ್ಷ ದಾಟಿದ್ದನ್ನ ಪುಕ್ಕಟೆ ಕೊಟ್ಟರೂ ಬೇಡ.