ಹೃದಯ ಯೋಜನೆಯಲ್ಲಿ ಹಳ್ಳಿಯ ಅಗಸೆ ಬಾಗಿಲಿಗೆ ಹಣವಿಲ್ಲ

ಬಾದಾಮಿ ಪಕ್ಕದ ನಿಮ್ಮ ಹಳ್ಳಿಯ ಅಗಸೆ ಬಾಗಿಲು (ಊರ ಹೆಬ್ಬಾಗಿಲು), ಚಾವಡಿ ದುರಸ್ತಿಗೆ ‘ಹೃದಯ’ ಯೋಜನೆಯಡಿ ಕೊಟ್ಟ ಅರ್ಜಿ ಮರಳಿ ಬಂತು, ಈಗೇನು ಮಾಡುವುದು ಎಂದು ಕೇಳಿದ್ದೀರಿ. ಕಾರಣ ಬಹುಶಃ ನೀವು ಬರೆದ ಯೋಜನೆಯ ಹೆಸರೇ. 2015ರಲ್ಲಿ ಆರಂಭವಾದ, ಪಾರಂಪರಿಕ ನಗರಗಳ ಅಭಿವೃದ್ಧಿಗಾಗಿನ ಕೇಂದ್ರದ ಈ ಯೋಜನೆ ದೇಶದ 12 ಊರುಗಳಿಗಷ್ಟೇ ಇತ್ತು. ಅದರಲ್ಲಿ ಬಾದಾಮಿ ಪಟ್ಟಣವಿತ್ತು, ಸುತ್ತಲಿನ ಹಳ್ಳಿಗಳಿರಲಿಲ್ಲ. 2019ರ ಮಾರ್ಚ್‌ನಲ್ಲಿ ಅದೂ ಮುಗಿಯಿತು.

ಮೊದಲು ಚಾವಡಿ ಯಾರ ಆಸ್ತಿ ಎಂದು ಪಂಚಾಯಿತಿಯ ಆಸ್ತಿ ವಹಿಯಲ್ಲಿ ನೋಡಿ. ನಮ್ಮೂರಿನ ಚಾವಡಿ ದಾಖಲೆಯಲ್ಲೇ ಇರಲಿಲ್ಲ. ಅದನ್ನು ಸೇರಿಸುವುದಕ್ಕೇ ಹೆಚ್ಚು ಓಡಾಟವಾಯಿತು, ಗೋಡೆಗಲ್ಲ.

ಆಮೇಲೆ ಅಳತೆ. ಕೇಂದ್ರ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ನಿಷಿದ್ಧ, ಅದರಾಚೆಯ 200 ಮೀಟರ್ ನಿಯಂತ್ರಿತ ವಲಯ. ದುರಸ್ತಿಗೆ ಅವಕಾಶವಿದೆ, ಆದರೆ ಎರಡೂ ಕಡೆ ಮುಂಚಿತ ಅನುಮತಿ ಬೇಕು. ಹಾಗಾಗಿ ಅರ್ಜಿಯಲ್ಲಿ ‘ಪುನರ್ನಿರ್ಮಾಣ’ ಎಂಬ ಪದ ಬಳಸಬೇಡಿ, ‘ದುರಸ್ತಿ’ ಎಂದೇ ಬರೆಯಿರಿ. ನಿಮ್ಮ ಅಗಸೆ ಅಂಥ ಯಾವುದಾದರೂ ಸಂರಕ್ಷಿತ ಗುಡಿಗೆ ಎಷ್ಟು ಹತ್ತಿರ ಎಂಬುದು ನಿಮ್ಮ ಪ್ರಶ್ನೆಯಿಂದ ತಿಳಿಯಲಿಲ್ಲ. ದೂರವಿದ್ದರೆ ಈ ಹಂತವೇ ಬೇಡ.

ಹಣಕ್ಕೆ ಗ್ರಾಮಸಭೆಯಲ್ಲಿ ಠರಾವು ಮಾಡಿಸಿ, ಕೆಲಸವನ್ನು ಪಂಚಾಯಿತಿಯ ವಾರ್ಷಿಕ ಅಭಿವೃದ್ಧಿ ಯೋಜನೆಗೆ ಸೇರಿಸಿ. ಅದೇ ಠರಾವಿನ ನಕಲಿನೊಂದಿಗೆ ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿಗೂ ಮನವಿ ಕೊಡಿ. ಎಷ್ಟು ಸಿಗುತ್ತದೆ ಎಂಬುದು ಶಾಸಕರ ಮನಸ್ಸಿಗೆ ಬಿಟ್ಟದ್ದು.

ಅಂದಾಜು ಪಟ್ಟಿಯಲ್ಲಿ ಗಾರೆ ಎಂದರೆ ಸುಣ್ಣದ ಗಾರೆ ಎಂದು ಸ್ಪಷ್ಟವಾಗಿ ಬರೆಸಿ. ಇಲ್ಲವಾದರೆ ಗುತ್ತಿಗೆದಾರ ಸಿಮೆಂಟ್ ಬಳಿದು, ಮೇಲೆ ಗುಲಾಬಿ ಬಣ್ಣ ಹಚ್ಚಿ ಹೋಗುತ್ತಾನೆ.